ಎರಡನೇ ಚೌಕದ ಕೆಂಪು

"ಮುಂಬೈಯಿಂದ ಬಣ್ಣದ ತಕರಾರು ಬಂದೈತವಾ. ಆ ಕಾರ್ಡ್ ತಗೊಂಡು ಲಗೂ ಬಾ." ಮೆಣಸಿನಪುಡಿ ವ್ಯಾಪಾರಿ ಮಾಲತೇಶಪ್ಪ ಇಷ್ಟೇ ಹೇಳಿ ಫೋನಿಟ್ಟಿದ್ದರು.

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೊರಟ ಬಸ್ಸಿನಲ್ಲಿ ಪುಷ್ಪಲತಾ ಕಾರ್ಡನ್ನು ಮತ್ತೆ ಮತ್ತೆ ಚೀಲದಿಂದ ತೆಗೆದು ನೋಡುತ್ತಿದ್ದಳು. ತಪ್ಪು ಅವಳದೇ. ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಮುಂಬೈಯ ಖರೀದಿದಾರರು ಕಳಿಸಿದ ಅಚ್ಚಿನ ಕಾರ್ಡಿನಲ್ಲಿ ಒಂದಕ್ಕಿಂತ ಒಂದು ಗಾಢವಾದ ಐದು ಕೆಂಪು ಚೌಕಗಳು. ಮೆಣಸಿನಪುಡಿ ಎರಡನೇ ಚೌಕದಂತಿರಬೇಕು, ವೆಬ್‌ಸೈಟಿನ ಫೋಟೋವೂ ಹಾಗೇ ಕಾಣಬೇಕು ಎಂಬುದು ಕರಾರು. ಪುಡಿಯ ಫೋಟೋ ತೆಗೆದು, ಕಂಪ್ಯೂಟರ್ ಪರದೆಯ ಪಕ್ಕ ಕಾರ್ಡು ಹಿಡಿದು ಬಣ್ಣ ಹೊಂದಿಸುವುದು ಅವಳ ಕೆಲಸ; ಇದ್ದ ಒಂದೇ ಕಾರ್ಡು ಅವಳ ಹತ್ತಿರವೇ ಇತ್ತು. ಹೊಂದಿಸಿದಳು. ಯಾಕೋ ಸಪ್ಪೆ ಎನಿಸಿತು. ಮೌಸನ್ನು ಒಂದಿಷ್ಟು ಎಳೆದಳು. ಎರಡನೆಯದು ನಾಲ್ಕನೆಯದಾಯಿತು. ಎಷ್ಟು ಚಂದ ಕಂಡಿತೆಂದರೆ, ಹಿಂದಕ್ಕೆ ಎಳೆಯಲು ಮನಸ್ಸೇ ಬರಲಿಲ್ಲ.

ಆ ಫೋಟೋ ನೋಡಿ ಮಾಲತೇಶಪ್ಪ ಒಂದು ಚಿಟಿಕೆ ಪುಡಿಯನ್ನು ಅದರ ಪಕ್ಕ ಹಿಡಿದರು.

"ಕಾರ್ಡಿಗೆ ಹಿಡದು ನೋಡೀಯಲ್ಲಾ?"

"ನೋಡೇನ್ರಿ."

ಮತ್ತೆ ಕೇಳಲಿಲ್ಲ. ಗೋದಾಮಿನ ಗೋಡೆಗೆ ಹಚ್ಚಲು ಒಂದು ದೊಡ್ಡ ಪ್ರಿಂಟು ಮಾತ್ರ ಒಯ್ದರು. ಅಭಿಮಾನಕ್ಕೆ ಎಂದುಕೊಂಡಳು ಪುಷ್ಪಲತಾ. ಹೆಣ್ಣುಮಗಳು ಸ್ಟುಡಿಯೋ ನಡೆಸುತ್ತಾಳೆಯೇ ಎಂದು ಊರು ನಕ್ಕಾಗ ಮೊದಲ ಕೆಲಸ ಕೊಟ್ಟವರು ಅವರು. ಅಂಥವರ ಮೂವತ್ತು ವರ್ಷದ ಹೆಸರಿಗೆ ಮಸಿ ಬಳಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅಂಗಡಿಯಲ್ಲಿ ಮಾಲತೇಶಪ್ಪ ತಲೆ ತಗ್ಗಿಸಿ ಕುಳಿತಿದ್ದರು. ಮುಂದೆ ಒಂದು ಲಕೋಟೆ.

"ಕುಂದ್ರವಾ," ಎಂದು, ಬೆರಳಿನ ಕೆಂಪನ್ನು ಧೋತರಕ್ಕೆ ಒರೆಸಿಕೊಂಡರು. ಒರೆಸಿದರೂ ಹೋಗಲಿಲ್ಲ.

ಅವಳು ಕೂರಲಿಲ್ಲ. "ತಪ್ಪಾತ್ರಿ ಕಾಕಾರ. ನಿಮ್ಮ ಪುಡಿ ಬರೋಬರಿ ಎರಡನೇ ಚೌಕಕ್ಕ ಕೂಡತಿತ್ತು. ಚಂದ ಕಾಣ್ಲಂತ ಫೋಟೋದಾಗ ನಾನ ಕೆಂಪ ಏರಿಸಿದೆ. ಮಾಲು ಫೋಟೋದಂಗ ಇಲ್ಲಂತ ಅವರು ಬರದಿರಬೇಕು. ತಪ್ಪು ನಂದಂತ ಬರಕೊಡತೇನ್ರಿ."

ಮಾಲತೇಶಪ್ಪ ಎದ್ದು, ಅವಳ ಕೈಯಿಂದ ಕಾರ್ಡು ತೆಗೆದುಕೊಂಡು ಬೆಳಕಿಗೆ ಹಿಡಿದರು. ಎರಡನೇ ಚೌಕವನ್ನೇ ನೋಡುತ್ತ ನಿಂತರು. ಆಮೇಲೆ ಲಕೋಟೆಯನ್ನು ಅವಳತ್ತ ಸರಿಸಿದರು.

ಒಳಗಿನ ಕಾಗದದಲ್ಲಿ ಎರಡೇ ಸಾಲು. ಮಾಲು ಫೋಟೋದಂತೆಯೇ ಇದೆ. ಆದರೆ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿದೆ.

"ನೀ ಸುಳ್ಳ ಫೋಟೋ ತಗಿಯೂದಿಲ್ಲ, ನನ್ನ ಪುಡೀನ ಸಪ್ಪಗಾಗೇತಂತ ತಿಳದೆ," ಎಂದರು ಮಾಲತೇಶಪ್ಪ. "ಗೋಡಿ ಮ್ಯಾಲಿನ ಪಟಕ್ಕ ಕೂಡೂತನಕ ಪುಡಿಗೆ ಆ ಬಣ್ಣ ಕಲಸೀನವಾ, ನನ್ನ ಕೈಯಾರೆ."