ಕಪಾಟಿನ ಪದ್ಯ

ಮರಣದಿನಗಳ ಕಚೇರಿಯಲ್ಲಿ, ಯಾರು ಯಾವತ್ತು ಸಾಯುತ್ತಾರೆಂಬ ದಾಖಲೆ ಇಟ್ಟ ಪ್ರತಿ ಕಪಾಟಿಗೂ ಒಂದು ಗುಟ್ಟಿನ ಪದ್ಯವಿತ್ತು. ಹಾಡಿದರಷ್ಟೇ ಬಾಗಿಲು ತೆರೆಯುತ್ತಿತ್ತು. ಸಾಹೇಬರು ದಿನಾ ಹಾಡುವುದು ಗೋಡೆಯಾಚೆಯ ಗುಮಾಸ್ತೆ ನೀಲಾಂಬಿಕೆಯ ಕಿವಿಗೆ ಬೀಳುತ್ತಿತ್ತು, ಕೇಳಿದ್ದು ಅವಳ ನಾಲಿಗೆ ಬಿಡುತ್ತಿರಲಿಲ್ಲ. ಇವತ್ತು ಊಟದ ಡಬ್ಬಿ ತೊಳೆಯುತ್ತ ಗುನುಗಿದಳು, ಕಪಾಟು ತೆರೆದುಕೊಂಡಿತು.

“ಯಾರದ್ದು ನೋಡಿದಿ?” ಸಾಹೇಬರು ಕೇಳಿದರು.

“ನಮ್ಮವ್ವಂದ್ರಿ. ಇವತ್ತ ಸಂಜಿಗಿ ಐತ್ರಿ.”

“ನಿನ್ನ ತಲಿಯಿಂದ ಆ ಪದ್ಯ ತಗೀಬೇಕಾಗತೈತಿ. ಅದ ಧಾಟಿ ಇದ್ದಿದ್ದೆಲ್ಲಾ ಹೋಗತೈತಿ.”

“ದೀಪದ ಪದ್ಯಾನೂ ಅದ ಧಾಟಿರೀ. ಜೀವಾ ಹೋಗೂ ಮುಂದ ಅವ್ವನ ತಲಿದೆಸಿ ಕುಂತು ಹೇಳಬೇಕ್ರಿ. ನಾಳೆ ತಗೀರಿ.”

“ಇವತ್ತಿಂದು ಇವತ್ತ ಆಗಬೇಕು, ತಂಗಿ. ಕುಂದ್ರು.”

ಸಂಜೆ ಅವ್ವ ಕಣ್ಣು ಬಿಟ್ಟು, “ದೀಪದ ಪದ್ಯ ಹೇಳವ್ವಾ” ಅಂದಳು. ನೀಲಾಂಬಿಕೆ ತಲೆದೆಸೆಗೆ ಕುಳಿತು ಅವ್ವನ ಕೈಯನ್ನಷ್ಟೇ ಹಿಡಿದುಕೊಂಡಳು. ಮರೆತಳೇನೋ ಎಂದು ಅವ್ವನೇ ಮೊದಲ ಸಾಲು ಎತ್ತಿಕೊಟ್ಟಳು. ಜನ್ಮದಲ್ಲೇ ಕೇಳಿರದ ಸಾಲಿನಂತೆ ಮಗಳು ಅದನ್ನು ಕೇಳಿಸಿಕೊಂಡಳು. ಎರಡನೆಯ ಸಾಲಿಗೆ ಅವ್ವನಲ್ಲಿ ಉಸಿರಿರಲಿಲ್ಲ.