ಮಠದ ಹಳೆಯ ಫೋನು

ಮಠಕ್ಕೆ ಇಂಟರ್ನೆಟ್ ಫೋನು ಬಂತು. ಇಷ್ಟು ವರ್ಷ ಭಕ್ತರಿಗೆ ಕೇಳಿಸುತ್ತಿದ್ದ ಮೊದಲ ದನಿ ಗುರುಬಸವ್ವನದು. ಈಗ ಕರೆಗಳೆಲ್ಲ ಹೊಸ ಹುಡುಗಿ ಶಿವಲೀಲಾಳ ಮೇಜಿಗೆ. ನೆಟ್ ಕೈಕೊಟ್ಟಾಗ ಮಾತ್ರ ಅವು ಗುರುಬಸವ್ವನ ಹಳೆಯ ಫೋನಿಗೆ ತಿರುಗುವಂತೆ ಜೋಡಿಸಿದ್ದರು.

ಒಬ್ಬ ಭಕ್ತರಿಗಾದರೂ ಫೋನಿನಲ್ಲಿ ಶರಣು ಹೇಳದೆ ಗುರುಬಸವ್ವ ಊಟಕ್ಕೆ ಏಳುವವಳಲ್ಲ. ಅದು ಆಕೆಯ ನೇಮ. ಹುಡುಗಿ ನಗುನಗುತ್ತ ಮಾತಾಡಿದಾಗಲೆಲ್ಲ ಆಕೆಗೆ ಹೊಟ್ಟೆಯುರಿ.

"ಶಿವನೇ, ಆ ನೆಟ್ಟು ಹಾಳಾಗ್ಲಿ" ಎಂದು ಬೇಡಿಕೊಂಡಳು.

ಶಿವ ಕೇಳಿಸಿಕೊಂಡ. ದಿನವೂ ಊಟದ ಹೊತ್ತಿಗೆ ನೆಟ್ ಹೋಗತೊಡಗಿತು, ಹಳೆಯ ಫೋನು ಟ್ರಿಣ್ ಎಂದಿತು.

ಗುರುಬಸವ್ವ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಸ್ವಾಮೀಜಿಯ ಮುಂದೆ ದೂರಿದಳು: "ಅಪ್ಪಾರ, ಈ ಹುಡುಗಿ ಫೋನು ದಿನಾ ಕೆಡ್ತದ. ಆಕೀನ್ನ ಕಳಿಸಿ ನನ್ನ ಫೋನೇ ಮುಂದ ಮಾಡ್ರಿ."

ರಿಪೇರಿಯವನು ಬಂದು ನೋಡಿದ. "ಏನೂ ಕೆಟ್ಟಿಲ್ರಿ. ಯಾರೋ ದಿನಾ ನೆಟ್ಟಿನ ವೈರ್ ಕೀಳಾಕತ್ತಾರ."

ಎಲ್ಲರ ಕಣ್ಣೂ ಗುರುಬಸವ್ವನತ್ತ ತಿರುಗಿದವು.

"ಶಿವನಾಣೆ, ನಾ ಮುಟ್ಟಿಲ್ರೀ!"

"ಕಿತ್ತಾಕಿ ನಾನ್ರಿ ಅಪ್ಪಾರ," ಎಂದು ಶಿವಲೀಲಾ ತಲೆ ತಗ್ಗಿಸಿದಳು. "ಒಂದಾದ್ರೂ ಫೋನು ಬರಲಿಲ್ಲಂದ್ರ ಗುರುಬಸವ್ವ ಆಯಿ ಉಣ್ಣೂದಿಲ್ರಿ."