ಅಂಗಿಗೆ ಹತ್ತಿದ ಸೀರೆ

"ಸಂಜೆಯೊಳಗೆ ಎರಡರಲ್ಲಿ ಒಂದು ಯಂತ್ರ ವಾಪಸು ಟೆಂಪೋ ಹತ್ತಬೇಕು. ಯಾವುದು ಅಂತ ಹೇಳಿ," ಎಂದರು ಧನಸುಖಭಾಯ್.

ಸೂರತ್ತಿನ ಉಧ್ನಾ ಬಡಾವಣೆಯಲ್ಲಿದ್ದ ಅವರ ಸೀರೆ ಡಿಸೈನ್ ಆಫೀಸಿಗೆ ಅಹಮದಾಬಾದಿನ ಡೀಲರ್ ಬೆಳಿಗ್ಗೆಯೇ ಎರಡು ದೊಡ್ಡ ಕಲರ್ ಪ್ರಿಂಟರ್‌ಗಳನ್ನು ಪರೀಕ್ಷೆಗೆಂದು ತಂದು ನಿಲ್ಲಿಸಿದ್ದ. ಬಟ್ಟೆಗೆ ಹೋಗುವ ಮೊದಲು ಡಿಸೈನನ್ನು ವ್ಯಾಪಾರಿಗಳಿಗೆ ಕಾಗದದ ಮೇಲೆ ತೋರಿಸಲು ಬೇಕಾದ ಯಂತ್ರ; ಎರಡರಲ್ಲೂ ಸೀರೆಯಷ್ಟೇ ಅಗಲದ ಕಾಗದ ಹಿಡಿಯುತ್ತಿತ್ತು. ಎಡಗಡೆಯದು ಕಣ್ಣು ಕುಕ್ಕುವಂತೆ ಮುದ್ರಿಸುತ್ತಿತ್ತು. ಆಫೀಸಿನ ಡಿಸೈನರ್ ಗುರುಕಿರಣ್ ಅದರ ಪಕ್ಷ. ಬಲಗಡೆಯದರ ಬಣ್ಣ ಕೊಂಚ ಮಂಕು, ಆದರೆ ನೀರು ಬಿದ್ದರೂ ಕದಲದು; ಅವನ ಜೊತೆ ಕೆಲಸ ಮಾಡುವ ಕೃಪಾ ಅದರ ಪಕ್ಷ.

"ಸೀರೆ ವ್ಯಾಪಾರಿಗಳಿಗೆ ಮಂಕು ಬಣ್ಣ ತೋರಿಸ್ತೀಯಾ?" ಗುರುಕಿರಣ್ ಕನ್ನಡದಲ್ಲಿ ಕೇಳಿದ. ಇಬ್ಬರೂ ಜಗಳಕ್ಕೆ ಕನ್ನಡವನ್ನೇ ಬಳಸುತ್ತಿದ್ದರು. ಆಫೀಸಿನಲ್ಲಿ ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ.

"ಬಂದವರೆಲ್ಲ ಕಾಗದ ಮುಟ್ಟಿ ನೋಡ್ತಾರೆ. ಬಣ್ಣ ಕೈಗೆ ಹತ್ತಿದರೆ ಮುಗೀತು."

"ನಿನ್ನ ಸ್ಕ್ಯಾನರ್ ತರಿಸುವಾಗಲೂ ಹೀಗೇ ಭಾಷಣ ಮಾಡಿದ್ದೆ."

ಹಳೆಯ ಸೀರೆಗಳಿಂದ ಡಿಸೈನ್ ಎತ್ತಬಹುದು ಎಂದು ಕೃಪಾ ಹಟ ಹಿಡಿದು ಹೋದ ವರ್ಷ ಒಂದು ದೊಡ್ಡ ಸ್ಕ್ಯಾನರ್ ತರಿಸಿದ್ದಳು. ಯಾವ ವ್ಯಾಪಾರಿಯೂ ಹಳೆಯ ಸೀರೆ ತರಲಿಲ್ಲ. ಈಗ ಅದರ ಮುಚ್ಚಳದ ಮೇಲೆ ಚಹಾ ಲೋಟಗಳೂ ಟಿಫಿನ್ ಡಬ್ಬಿಗಳೂ ಕೂರುತ್ತಿದ್ದವು. ಎಲ್ಲರೂ ಅದನ್ನು ಕೃಪಾಬೆನ್ ಟೇಬಲ್ ಎನ್ನುತ್ತಿದ್ದರು. ಈ ಸಲವೂ ತನ್ನ ಮಾತು ಸುಳ್ಳಾದರೆ ಮುಂದೆ ತನ್ನನ್ನು ಯಾರೂ ಏನೂ ಕೇಳುವುದಿಲ್ಲ, ಹೊಸ ಪ್ರಿಂಟರ್ ಗುರುಕಿರಣ್ ಕೈಗೆ ಹೋಗುತ್ತದೆ, ತಾನು ಅವನು ಬಿಡಿಸಿದ ಹೂಗಳ ಅಂಚು ತಿದ್ದುತ್ತ ಕೂರಬೇಕು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಧನಸುಖಭಾಯ್ ಡೀಲರ್ ಕೊಟ್ಟ ಪುಸ್ತಿಕೆಗಳನ್ನು ತೆರೆದೂ ನೋಡಲಿಲ್ಲ. ಆಫೀಸು ತೆರೆಯುವ ಮೊದಲು ಅವರು ಸೀರೆ ಅಂಗಡಿಯಲ್ಲಿ ಗಿರಾಕಿಗಳೆದುರು ಸೀರೆಯನ್ನು ತಮ್ಮ ಮೈಮೇಲೇ ಹೊದ್ದು ತೋರಿಸುತ್ತಿದ್ದವರು. ಬಟ್ಟೆಯಾಗಲಿ ಕಾಗದವಾಗಲಿ, ಮೈಮೇಲೆ ಕಾಣದೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಒಂದೇ ಸಿ.ಡಿ.ಯಿಂದ, ಒಂದೇ ಮಾವಿನಕಾಯಿ ಬುಟ್ಟಾದ ಸೀರೆಯನ್ನು, ಸೆರಗಿನ ಸಮೇತ ಎರಡೂ ಯಂತ್ರಗಳಲ್ಲಿ ಉದ್ದಕ್ಕೆ ಮುದ್ರಿಸಿದರು. ಆಮೇಲೆ ಎಡ ಯಂತ್ರದ ಕಾಗದ ಹಿಡಿದು ನಿಂತರು.

"ಗುರುಭಾಯ್, ಬಾ. ಕೈ ಮೇಲೆತ್ತು."

"ನಾನಾ? ಕೃಪಾ ಇದ್ದಾಳಲ್ಲ, ಶೇಠ್!"

"ಅಂಗಡಿಯಲ್ಲಿ ಉಟ್ಟು ತೋರಿಸೋದು ಗಂಡಸೇ. ನಿಲ್ಲು ಸುಮ್ಮನೆ."

ಸೂರತ್ತಿನ ಮೇ ತಿಂಗಳು. ಕಾಗದ ಹಾರುತ್ತದೆಂದು ಫ್ಯಾನ್ ಆರಿಸಿದ್ದರು. ಧನಸುಖಭಾಯ್ ಚಕಚಕನೆ ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿ, ಸೆರಗನ್ನು ಮಡಿಕೆ ಮಾಡಿ ಗುರುಕಿರಣನ ಭುಜದ ಮೇಲಿಂದ ಬೆನ್ನಿಗೆ ಇಳಿಬಿಟ್ಟರು. ಅವನ ಹಣೆಯಿಂದ ಬೆವರು ಇಳಿಯಿತು. ಡೀಲರ್ ಚಪ್ಪಾಳೆ ತಟ್ಟಿದ.

"ಅಯ್ಯೋ ಶಿವನೇ, ಯಾರಿದು ಮದುಮಗಳು?"

ಬಾಗಿಲಲ್ಲಿ ರತ್ನಮ್ಮ ನಿಂತಿದ್ದರು. ದಾವಣಗೆರೆಯಲ್ಲಿ ಅವರದು ದೊಡ್ಡ ಸೀರೆ ಅಂಗಡಿ. ಕಳೆದ ಸಲ ಬಂದಾಗ, ಸಣ್ಣ ಕಾಗದಗಳನ್ನು ಟೇಪಿನಿಂದ ಅಂಟಿಸಿದ್ದ ಡಿಸೈನ್ ನೋಡಿ, "ಇದೇನು ತೇಪೆ ಹಾಕಿದ ಕೌದಿನಾ?" ಎಂದು ಬರಿಗೈಲಿ ಎದ್ದುಹೋಗಿದ್ದವರು. ಪ್ರಿಂಟರಿನ ಯೋಚನೆ ಹುಟ್ಟಿದ್ದೇ ಆ ಮಾತಿನಿಂದ.

"ಸ್ಯಾಂಪಲ್ ಅಮ್ಮಾ," ಎಂದ ಗುರುಕಿರಣ್, ಕೈ ಇಳಿಸಲಾಗದೆ.

"ಚೆಂದ ಇದ್ದೀಯ ಬಿಡಪ್ಪ. ಎಲ್ಲಿ, ತಿರುಗು ನೋಡೋಣ."

ಅವನು ತಿರುಗಿದ. ಕಾಗದ ಸೊಂಟದ ಹತ್ತಿರ ಪರ್ರನೆ ಹರಿದು ಸೆರಗಿನ ಸಮೇತ ಕೆಳಗೆ ಬಿತ್ತು. ಸೆರಗು ಇದ್ದ ಜಾಗದಲ್ಲಿ, ಅವನ ಬಿಳಿ ಅಂಗಿಯ ಬೆನ್ನ ತುಂಬ, ಬೆವರಿಗೆ ನೆನೆದ ಕಾಗದದಿಂದ ಇಳಿದು ಕಲಸಿಹೋದ ನೀಲಿ ಹಸಿರು ಮಾವಿನಕಾಯಿಗಳು.

ಕೃಪಾ ನಗು ತಡೆಯಲು ಹೋಗಲಿಲ್ಲ. ಕೈಯನ್ನು ನೀರಲ್ಲಿ ಅದ್ದಿ ಬಲ ಯಂತ್ರದ ಕಾಗದದ ಮೇಲೆ ಉಜ್ಜಿ ಎಲ್ಲರಿಗೂ ಅಂಗೈ ತೋರಿಸಿದಳು. ಒಂದು ಕಲೆಯೂ ಇರಲಿಲ್ಲ. ಧನಸುಖಭಾಯ್ ಬಲಗಡೆಗೆ ಬೆರಳು ಮಾಡಿದರು. ಡೀಲರ್ ಎಡ ಯಂತ್ರದ ಪ್ಲಗ್ ಕಿತ್ತ.

"ಹೊಸ ಅಂಗಿ ಕಣೇ," ಎಂದು ಗೊಣಗಿದ ಗುರುಕಿರಣ್.

ಮೇಜಿನ ಮೇಲೆ ಹರಡಿದ ಕಾಗದವನ್ನು ರತ್ನಮ್ಮ ಮೂಸಿಯೂ ನೋಡಲಿಲ್ಲ. ಗುರುಕಿರಣನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದು ಬೆಳಕಿಗೆ ಒಡ್ಡಿದರು.

"ಆ ಕಾಗದದ ಮಾವಿನಕಾಯಿ ನಮ್ಮೂರ ಎಲ್ಲ ಅಂಗಡೀಲೂ ಇದೆ. ನನಗೆ ಇದು ಬೇಕು. ಹೀಗೇ, ಹರಡಿದ ಹಾಗೆ."

"ಅದು ಡಿಸೈನ್ ಅಲ್ಲಮ್ಮ, ಬೆವರು!" ಎಂದ ಗುರುಕಿರಣ್.

"ಬೆವರೋ ಪನ್ನೀರೋ, ನನಗೇನು? ಸೀರೆ ಮೇಲೆ ಬಂದರೆ ಸಾಕು."

ಕೃಪಾ ಆ ಮಾತನ್ನು ಹಿಂದಿಯಲ್ಲಿ ಹೇಳಿದಳು. ಧನಸುಖಭಾಯ್ ಅಂಗಿಯನ್ನು ನೋಡಿದರು, ರತ್ನಮ್ಮನನ್ನು ನೋಡಿದರು. "ಗುರುಭಾಯ್, ಇದನ್ನು ಹಾಗೆಯೇ ಬಿಡಿಸ್ತೀಯಾ?"

"ಬೆವರನ್ನ ಹೇಗೆ ಬಿಡಿಸಲಿ, ಶೇಠ್?"

"ಬಿಡಿಸೋದು ಬೇಡ," ಎಂದಳು ಕೃಪಾ. "ಅಂಗಿ ಬಿಚ್ಚು."

ಗುರುಕಿರಣ್ ಬನಿಯನ್ನಿನಲ್ಲಿ ನಿಂತು ಎರಡೂ ಕೈ ಚಾಚಿದ. ಕೃಪಾ ಸ್ಕ್ಯಾನರಿನ ಮುಚ್ಚಳದ ಮೇಲಿದ್ದ ಚಹಾ ಲೋಟಗಳನ್ನು ಒಂದೊಂದಾಗಿ ಎತ್ತಿ ಆ ಕೈಗಳಿಗೆ ಕೊಡತೊಡಗಿದಳು.